ಮೂರು ಪುಟದ ಅಂಬಿಗಿತ್ತಿಗೆ ಒಂದು ಪೂರ್ತಿ ಕಥೆ

ನಾನೇ ಪ್ರಕಟಿಸುವ ಕಾದಂಬರಿ ಸರಣಿಯ ಎರಡನೇ ಪುಸ್ತಕ ಮುಗಿದ ಮೇಲೆ, ಮೂರನೆಯದಕ್ಕೆ ಕೈ ಹಾಕುವ ಮೊದಲು ಅದರ ಒಂದು ಚಿಕ್ಕ ಪಾತ್ರದ ಮೇಲೆ ಕಿರು ಕಾದಂಬರಿ ಬರೆಯುತ್ತೇನೆ ಅಂದೆ. ಬರೆಯುವ ಗೆಳೆಯರೆಲ್ಲ ಬೇಡ ಅಂದರು. "ನಾಯಕ, ನಾಯಕಿ ಇಲ್ಲದ ಕಥೆ ಯಾರು ಓದ್ತಾರೆ? ದುಡ್ಡು ದಂಡ" ಅಂತ ಒಬ್ಬರು ಮುಖಕ್ಕೇ ಹೇಳಿದರು. ಹಾಕಿದ ದುಡ್ಡು ಏಳು ತಿಂಗಳಲ್ಲಿ ವಾಪಸ್ ಬಂತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಸರಣಿ ಶಾಪ ಹೊತ್ತ ರಾಜ ಮತ್ತು ಮಂತ್ರ ಬಿಡಿಸುವ ಹುಡುಗಿಯ ಪ್ರೇಮಕಥೆ. ಅದರಲ್ಲಿ ಸತ್ತವರನ್ನು ಹೊಳೆ ದಾಟಿಸುವ ಅಂಬಿಗಿತ್ತಿ ಒಬ್ಬಳು ಬರುತ್ತಾಳೆ. ಕೂಲಿಯಾಗಿ ದುಡ್ಡು ಮುಟ್ಟುವುದಿಲ್ಲ, ಒಂದು ನೆನಪು ತೆಗೆದುಕೊಳ್ಳುತ್ತಾಳೆ. ಮೊದಲ ಪುಸ್ತಕದಲ್ಲಿ ಮೂರು ಪುಟ, ಎರಡನೆಯದರಲ್ಲಿ ಒಂದು ಅಧ್ಯಾಯ, ಅಷ್ಟೇ ಅವಳ ಪಾಲು. ಆದರೆ ಓದುಗರ ಪತ್ರಗಳಲ್ಲಿ ಅರ್ಧಕ್ಕರ್ಧ ಅವಳ ಬಗ್ಗೆಯೇ ಇರುತ್ತಿದ್ದವು.

ಮೊದಲ ಡ್ರಾಫ್ಟ್ ಅವಳ ಬಾಲ್ಯದಿಂದ ಶುರುವಾಯಿತು. ಅಪ್ಪ, ಅಮ್ಮ, ಊರಿಗೆ ಬಂದ ನೆರೆ, ಕಳೆದುಹೋದ ತಂಗಿ. ವಿಜ್ಞಾನ ಕಥೆ, ಫ್ಯಾಂಟಸಿ ಕಥೆಗಳಿಗೆ ಕೊಡುವ ಅಮೆರಿಕದ ನೆಬ್ಯುಲಾ ಪ್ರಶಸ್ತಿಯವರು ಕಿರು ಕಾದಂಬರಿಗೆ ಇಟ್ಟಿರುವ ಮಿತಿ 17,500 ರಿಂದ 40,000 ಪದ. ನಾನು 52,000 ದಾಟಿದ್ದೆ, ಅವಳಿನ್ನೂ ದೋಣಿಯನ್ನೇ ಹತ್ತಿರಲಿಲ್ಲ! ಅದನ್ನೇ ಎಡಿಟರ್‌ಗೆ ಕಳಿಸಿದೆ. ಅವರು ಪದಕ್ಕೆ ಇಷ್ಟು ಅಂತ ದುಡ್ಡು ತೆಗೆದುಕೊಳ್ಳುತ್ತಾರೆ. ಮೊದಲ ಪುಸ್ತಕದ ಒಂದು ವರ್ಷದ ಗಳಿಕೆಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಅಲ್ಲೇ ಹೋಯಿತು. ಆ ಡ್ರಾಫ್ಟಿನಿಂದ ಉಳಿದದ್ದು ಎರಡು ಪ್ಯಾರಾ.

ಎರಡನೇ ಸಲ ಮುಖ್ಯ ಪುಸ್ತಕದ ದೃಶ್ಯಗಳನ್ನೇ ಅವಳ ಕಣ್ಣಿನಿಂದ ಬರೆದೆ. ಪ್ರಕಟಿಸುವ ಮುಂಚೆ ಓದಿ ಅಭಿಪ್ರಾಯ ಹೇಳುವ ಒಂಬತ್ತು ಬೀಟಾ ಓದುಗರಲ್ಲಿ ಆರು ಜನ ಅರ್ಧಕ್ಕೇ ಬಿಟ್ಟರು. "ಇದೆಲ್ಲ ಗೊತ್ತಿರೋದೇ ಅಲ್ವಾ" ಅಂತ ಒಬ್ಬರು ಬರೆದಿದ್ದರು. ಆ ಮಾತು ತುಂಬಾ ದಿನ ಕೊರೆಯಿತು. ಸರಿಯಾದ ಮಾತೇ ಆಗಿತ್ತು.

ಆಮೇಲೆ ಒಂದು ಭಾನುವಾರ ಎರಡೂ ಪುಸ್ತಕ ತೆರೆದು ಅವಳ ಪ್ರತಿಯೊಂದು ಮಾತನ್ನೂ ಬೇರೆ ಹಾಳೆಗೆ ಬರೆದುಕೊಂಡೆ. ಒಟ್ಟು 37 ಮಾತು. ಅವುಗಳಲ್ಲಿ ಒಂದೂ ಪ್ರಶ್ನೆ ಇರಲಿಲ್ಲ. ನಾನು ಬೇಕಂತ ಮಾಡಿದ್ದಲ್ಲ, ತಾನಾಗಿ ಹಾಗೆ ಬಂದಿತ್ತು. ಕೈ ನಡುಗಿತು ಅಂದರೆ ನಂಬಿ. ನೆನಪುಗಳನ್ನು ಬಾಚಿಕೊಳ್ಳುವವಳು ಯಾರನ್ನೂ ಏನನ್ನೂ ಕೇಳುವುದಿಲ್ಲ! ಅದನ್ನೇ ನಿಯಮ ಮಾಡಿಕೊಂಡೆ. ಇಡೀ ಕಿರು ಕಾದಂಬರಿಯಲ್ಲಿ ಅವಳು ಒಂದೇ ಒಂದು ಸಲ ಪ್ರಶ್ನೆ ಕೇಳುತ್ತಾಳೆ, ತಾನು ಪ್ರೀತಿಸಿದವನನ್ನು. ಓದಿ ಅಳು ಬಂತು ಅಂತ ಅತಿ ಹೆಚ್ಚು ಓದುಗರು ಬರೆದದ್ದು ಆ ಸಾಲಿಗೆ.

ಅದೇ ಹಾಳೆಯಲ್ಲಿ ಇನ್ನೊಂದು ಸಿಕ್ಕಿತು. ಎರಡನೇ ಪುಸ್ತಕದಲ್ಲಿ ಅವಳು ರಾಜನಿಗೆ "ನಿನ್ನನ್ನು ದಾಟಿಸಲ್ಲ" ಅನ್ನುತ್ತಾಳೆ. ಕಾರಣ ಹೇಳುವುದಿಲ್ಲ. ಮೂರನೇ ಡ್ರಾಫ್ಟಿಗೆ ಆ ಒಂದು ಮಾತೇ ಸಾಕಾಯಿತು. ಬಾಲ್ಯ ಬೇಡ, ಯುದ್ಧ ಬೇಡ. ಅವಳು ಯಾಕೆ ಹಾಗೆ ಅಂದಳು, ಅಷ್ಟನ್ನೇ ಬರೆದೆ. ರಾಜ ದಡಕ್ಕೆ ಬಂದು ನಿಲ್ಲುವ ಮುಂಚೆಯೇ ಕಥೆ ಮುಗಿಸಿದೆ. ಓದಿದವರು ತಾವಾಗಿ ಎರಡನೇ ಪುಸ್ತಕದ ಆ ಅಧ್ಯಾಯಕ್ಕೆ ಓಡಿದರು. ಸುಮಾರು 24,000 ಪದ, ಐದು ವಾರದ ಕೆಲಸ.

ಒಂದು ದೊಡ್ಡ ತೊಡಕಿತ್ತು. ಪ್ರೇಮಕಥೆ ಓದುವವರಿಗೆ ಕೊನೆಗೆ ಜೋಡಿ ಕೂಡಬೇಕು. ಎರಡನೇ ಪುಸ್ತಕದಲ್ಲೋ ಅವಳು ಒಂಟಿ. ಇದನ್ನು ಹೇಗೆ ಬಿಡಿಸಿದೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ, ಮುಂದಿನ ಕಿರು ಕಾದಂಬರಿಗೂ ಅದೇ ಉಪಾಯ ಬೇಕು. ನೆನಪನ್ನೇ ಕೂಲಿಯಾಗಿ ಪಡೆಯುವವಳು ಅವಳು ಅನ್ನುವಷ್ಟು ಸುಳಿವು ಸಾಕು.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಅಧ್ಯಾಯಗಳ ಮಧ್ಯೆ ಅವಳು ಪಡೆದ ನೆನಪುಗಳನ್ನು, ಅವುಗಳ ಒಡೆಯರ ದನಿಯಲ್ಲೇ, ಅರ್ಧರ್ಧ ಪುಟ ಬರೆದೆ. ಹನ್ನೊಂದು ಬರೆದು ನಾಲ್ಕು ಇಟ್ಟುಕೊಂಡೆ. ಒಬ್ಬ ಮುದುಕನಿಗೆ ತನ್ನ ಎತ್ತಿನ ಹೆಸರು ಮರೆತುಹೋಗುವ ಪುಟ ನಾನು ಬರೆದದ್ದರಲ್ಲೇ ಒಳ್ಳೆಯದು ಅಂತ ನನಗೆ ಈಗಲೂ ಅನಿಸುತ್ತದೆ. ಇಡೀ ಕಥೆಯನ್ನು ಪತ್ರಗಳಲ್ಲಿ ಹೇಳಲೂ ನೋಡಿದೆ, ಮೂರೇ ದಿನಕ್ಕೆ ಬಿಟ್ಟೆ.

ಬೆಲೆಯಲ್ಲೂ ಎಡವಿದೆ. ಚಿಕ್ಕ ಪುಸ್ತಕ ಅಂತ ಅಮೆಜಾನ್‌ನ ಇ-ಪುಸ್ತಕದ ಅಂಗಡಿ ಕಿಂಡಲ್‌ನಲ್ಲಿ 0.99 ಡಾಲರ್ ಇಟ್ಟೆ. 2.99 ಕ್ಕಿಂತ ಕಡಿಮೆ ಇಟ್ಟರೆ ರಾಯಲ್ಟಿ, ಅಂದರೆ ಬರೆದವರ ಪಾಲು, 35 ಪರ್ಸೆಂಟ್, 2.99 ರಿಂದ 9.99 ರ ಒಳಗೆ 70. ಅಂದರೆ 2.99 ಕ್ಕೆ ಒಂದು ಪ್ರತಿ ಮಾರಿದರೆ ಬರುವುದು 0.99 ಕ್ಕೆ ಆರು ಪ್ರತಿ ಮಾರಿದರೆ ಬರುತ್ತದೆ. ಗೊತ್ತಿದ್ದೂ ಹೆದರಿಕೆಗೆ ಹಾಗೆ ಮಾಡಿದ್ದೆ. ಎರಡು ತಿಂಗಳ ನಂತರ 2.99 ಮಾಡಿದೆ, ಮಾರಾಟ ಸ್ವಲ್ಪವೇ ಇಳಿಯಿತು. ಮುಖಪುಟಕ್ಕೂ ಎರಡು ಸಲ ದುಡ್ಡು ಕೊಟ್ಟೆ. ಮೊದಲನೆಯದು ಚಂದವಿತ್ತು, ಆದರೆ ಅಕ್ಷರ, ಬಣ್ಣ ಯಾವುದೂ ಸರಣಿಗೆ ಹೊಂದುತ್ತಿರಲಿಲ್ಲ. ಬೇರೆ ಯಾರದೋ ಪುಸ್ತಕ ಅಂದುಕೊಂಡರು ಜನ.

ಕಿರು ಕಾದಂಬರಿಯೇ ತಂದ ದುಡ್ಡು ಜಾಸ್ತಿಯೇನಲ್ಲ. ಲಾಭ ಬಂದದ್ದು ಪಕ್ಕದ ದಾರಿಯಿಂದ. ಮೊದಲ ಪುಸ್ತಕ ಓದಿ ನಿಲ್ಲಿಸಿದ್ದವರು ಅವಳಿಗಾಗಿ ಎರಡನೆಯದನ್ನು ಕೊಂಡರು. ಮೂರನೆಯದರ ಮುಂಗಡ ಬುಕಿಂಗ್ ಎರಡನೆಯದಕ್ಕಿಂತ ಹತ್ತಿರ ಹತ್ತಿರ ಎರಡು ಪಟ್ಟು ಬಂದಿದೆ. ಸರಣಿಯಲ್ಲಿ ಕಿರು ಕಾದಂಬರಿಗೆ 1.5 ಅಂತ ಸಂಖ್ಯೆ ಕೊಟ್ಟಿದ್ದೆ, ಅಂದರೆ ಮೊದಲನೆಯದಾದ ಮೇಲೆ ಓದಲಿ ಅಂತ; ಈಗ ಎರಡನೆಯದಾದ ಮೇಲೆ ಓದಲಿ ಅಂತ 2.5 ಮಾಡಿದ್ದೇನೆ. "ದಾಟಿಸಲ್ಲ" ಅನ್ನುವ ಮಾತನ್ನು ಮೊದಲು ಕೇಳಿಸಿಕೊಂಡು ಬಂದವರೇ ಆ ಒಂದು ಪ್ರಶ್ನೆಯ ಹತ್ತಿರ ಅಳುತ್ತಿದ್ದಾರೆ.