ಸೈನಸ್ ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ

ಸ್ವತಂತ್ರವಾಗಿ ಶಸ್ತ್ರಚಿಕಿತ್ಸೆ ಮಾಡಲು ತೊಡಗಿದ ಎರಡನೇ ವರ್ಷ. ಒಬ್ಬರ ಮೂಗಿನ ದುರ್ಮಾಂಸ ತೆಗೆಯುತ್ತಿದ್ದಾಗ ಇಕ್ಕಳದ ತುದಿಗೆ ಹಳದಿ ಚೂರೊಂದು ಸಿಕ್ಕಿತು. ದುರ್ಮಾಂಸ ಬೂದು ಬಣ್ಣದ ಲೋಳೆ, ಇದು ಬೆಣ್ಣೆಯಂತಿತ್ತು. ಸಲೈನ್ ಬಟ್ಟಲಿಗೆ ಹಾಕಿದರೆ ತೇಲಿತು. ದುರ್ಮಾಂಸ ಮುಳುಗುತ್ತದೆ, ಕೊಬ್ಬು ತೇಲುತ್ತದೆ. ನಾನು ಕಣ್ಣುಗೂಡಿನ ಒಳಗೆ ಕೈ ಹಾಕಿದ್ದೆ.

ಆ ಬದಿಯನ್ನು ಅಲ್ಲಿಗೇ ನಿಲ್ಲಿಸಿದೆ. ರೋಗಿಯ ರೆಪ್ಪೆ ಒಂದು ವಾರ ಕಪ್ಪಗಿತ್ತು, ದೃಷ್ಟಿಗೆ ಏನೂ ಆಗಲಿಲ್ಲ. ಅಂದು ಸಂಜೆ ಸಿಟಿ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕಣ್ಣಿಗೂ ಸೈನಸ್‌ಗೂ ನಡುವಿನ ಹಾಳೆಮೂಳೆ, ಅಂದರೆ ಲ್ಯಾಮಿನಾ ಪ್ಯಾಪಿರೇಸಿಯಾ, ಹಿಂದೆಂದೋ ಬಿದ್ದ ಪೆಟ್ಟಿನಿಂದ ಒಡೆದು ಒಳಕ್ಕೆ ಬಾಗಿತ್ತು. ವರದಿಯಲ್ಲಿ ‘ಎರಡೂ ಬದಿ ಸೈನಸೈಟಿಸ್’ ಎಂದಷ್ಟೇ ಇತ್ತು. ನಾನು ವರದಿ ಓದಿದ್ದೆ, ಫಿಲ್ಮ್ ನೋಡಿರಲಿಲ್ಲ.

ಅಂದಿನಿಂದ ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಸ್ಕ್ಯಾನಿನ ಸಿಡಿ ಮನೆಗೆ ತರುತ್ತೇನೆ. ಒಂದು ಮಿಲಿಮೀಟರ್ ಅಥವಾ ಅದಕ್ಕಿಂತ ತೆಳುವಾದ ಸೀಳುಚಿತ್ರಗಳು ಬೇಕು. ಮೂರೂ ದಿಕ್ಕಿನಲ್ಲಿ ಮಗುಚಿ ನೋಡುವಂತಿರಬೇಕು. ಮೊದಲು ಹೆಸರು, ಆಮೇಲೆ ಎಡ–ಬಲದ ಗುರುತು. ಕಾಯಿಲೆ ಎಲ್ಲಿದೆ ಎಂಬುದನ್ನು ಕೊನೆಗೆ ನೋಡುತ್ತೇನೆ. ಯಾವುದನ್ನು ಮುಟ್ಟಬಾರದು ಎಂಬುದು ಮೊದಲು. ನೋಡಿದ್ದನ್ನು ಪೆನ್ಸಿಲ್ ಹಿಡಿದು ಒಂದು ಹಾಳೆಯ ಮೇಲೆ ಚಿತ್ರವಾಗಿ ಬರೆಯುತ್ತೇನೆ. ಕೈ ಬರೆಯದ ಹೊರತು ನನ್ನ ಕಣ್ಣು ಪೂರ್ತಿ ನೋಡುವುದಿಲ್ಲ.

ಹೆಚ್ಚು ಹೊತ್ತು ಹಿಡಿಯುವುದು ಛಾವಣಿ. ಮೂಗಿನ ಮೇಲ್ಗಡೆ, ವಾಸನೆಯ ನರ ಕೂರುವ ತಗ್ಗು ಎಷ್ಟು ಆಳ ಎಂಬುದರ ಮೇಲೆ 1962ರಲ್ಲಿ ಕೆರೋಸ್ ಎಂಬ ವೈದ್ಯರು ಮೂರು ಬಗೆ ಮಾಡಿದರು: 1–3 ಮಿಲಿಮೀಟರ್, 4–7, ಮತ್ತು 8 ಅಥವಾ ಅದಕ್ಕಿಂತ ಮೇಲೆ. ತಗ್ಗು ಆಳವಾದಷ್ಟೂ ಅದರ ಪಕ್ಕದ ಗೋಡೆ ಉದ್ದವಾಗಿ ಇಳಿಬಿದ್ದಿರುತ್ತದೆ, ಆ ಗೋಡೆಯೋ ಈರುಳ್ಳಿ ಸಿಪ್ಪೆ. ಅದರಾಚೆ ಮಿದುಳು. ಎರಡು ಬದಿಗಳ ಆಳ ಒಂದೇ ಇರಬೇಕೆಂದಿಲ್ಲ. ಬಲಗಡೆ ಸಲೀಸಾಗಿ ಮುಗಿಸಿದ ಕೈ ಎಡಗಡೆ ಮೋಸಹೋಗುವುದು ಇಲ್ಲಿಯೇ. ಅದೇ ಛಾವಣಿಗೆ ಅಂಟಿಕೊಂಡು, ಕಣ್ಣುಗಳ ನಡುವಿನ ಎಥ್ಮಾಯ್ಡ್ ಸೈನಸ್ಸಿನ ಮುಂದಿನ ರಕ್ತನಾಳ ಹಾಯುತ್ತದೆ. ಕೆಲವರಲ್ಲಿ ಅದು ಛಾವಣಿ ಬಿಟ್ಟು ಬಟ್ಟೆ ಒಣಹಾಕುವ ಹಗ್ಗದಂತೆ ಕೆಳಗೆ ತೂಗುತ್ತಿರುತ್ತದೆ. ಕತ್ತರಿಸಿದರೆ ತುಂಡು ಕಣ್ಣುಗೂಡಿನೊಳಕ್ಕೆ ಸರಿದು ಅಲ್ಲಿಯೇ ರಕ್ತ ಸುರಿಸುತ್ತದೆ, ಒತ್ತಡಕ್ಕೆ ಕಣ್ಣೇ ಹೋಗಬಹುದು.

ಒಮ್ಮೆ ನಿವೃತ್ತ ಮೇಷ್ಟ್ರೊಬ್ಬರ ಸ್ಕ್ಯಾನ್ ನೋಡುತ್ತಿದ್ದೆ. ಹಿಂಬದಿಯ ಸ್ಫೀನಾಯ್ಡ್ ಸೈನಸ್ಸಿನಲ್ಲಿ ಅಡ್ಡಲಾಗಿ ಒಂದು ಗೋಡೆ ಕಂಡಿತು. ಅಡ್ಡಗೋಡೆ ಕಂಡರೆ ಮೇಲಿನದು ಸ್ಫೀನಾಯ್ಡ್ ಅಲ್ಲ, ಒನೋಡಿ ಕೋಶ, ಅಂದರೆ ಸ್ಫೀನಾಯ್ಡಿನ ಮೇಲಕ್ಕೆ ಚಾಚಿಕೊಂಡ ಎಥ್ಮಾಯ್ಡಿನ ಹಿಂದಿನ ಗಾಳಿಗೂಡು, ಎಂದು ಅನುಮಾನಿಸಬೇಕು. ಅನುಮಾನ ನಿಜವಾಯಿತು. ದೃಷ್ಟಿನರ ಅದರ ಗೋಡೆಯಲ್ಲಿ ಹೊದಿಕೆಯೇ ಇಲ್ಲದಂತೆ ಉಬ್ಬಿ ನಿಂತಿತ್ತು. ಸಾಲಾಗಿ ಕೋಶಗಳನ್ನು ಬಿಡಿಸುತ್ತ ಹಿಂದಕ್ಕೆ ಹೋಗಿದ್ದರೆ ಸ್ಫೀನಾಯ್ಡ್ ಬಂತೆಂದು ಅದನ್ನೇ ಕೆದಕುತ್ತಿದ್ದೆ. ಮರುದಿನ ದಾರಿ ಬದಲಿಸಿ, ಮೂಗಿನ ನಡುಗೋಡೆಯ ಪಕ್ಕದಿಂದ, ಕೆಳಗಿನಿಂದ ಒಳಹೊಕ್ಕೆ.

ಉಪಕರಣದ ತುದಿ ಎಲ್ಲಿದೆ ಎಂದು ಸ್ಕ್ಯಾನಿನ ಮೇಲೆ ತೋರಿಸುವ ನ್ಯಾವಿಗೇಷನ್ ಯಂತ್ರ ಇಲ್ಲವೇ ಎಂದು ಕಿರಿಯರು ಕೇಳುತ್ತಾರೆ. ನಮ್ಮಲ್ಲಿಲ್ಲ, ಇದ್ದರೆ ಬೇಡ ಎನ್ನುವುದಿಲ್ಲ. ಆದರೆ ಅದು ಸುಮಾರು 2 ಮಿಲಿಮೀಟರ್ ಆಚೀಚೆ ತೋರಿಸಬಲ್ಲದು, ನಾನು ಹೆದರುವ ಮೂಳೆಗಳು ಅದಕ್ಕಿಂತ ತೆಳು.

ಆ ಪೆನ್ಸಿಲ್ ಚಿತ್ರವನ್ನು ಮರುದಿನ ಮಾನಿಟರಿನ ಪಕ್ಕ ಅಂಟಿಸುತ್ತೇನೆ. ಮೊಮ್ಮಗಳು ಬರೆದದ್ದೇ ಎಂದು ಅರಿವಳಿಕೆ ವೈದ್ಯರು ಪ್ರತಿ ಸಲವೂ ಕೇಳುತ್ತಾರೆ. ಮೇಷ್ಟ್ರು ಮನೆಗೆ ಹೊರಟ ದಿನ ಅದನ್ನು ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, “ಎಡ–ಬಲ ತಿರುಗುಮುರುಗಾಗಿದೆಯಲ್ಲ ಡಾಕ್ಟ್ರೇ” ಎಂದರು. ಸ್ಕ್ಯಾನಿನಲ್ಲಿ ನಿಮ್ಮ ಬಲ ನಮ್ಮ ಎಡಕ್ಕೆ ಬರುತ್ತದೆ, ಎದುರುಬದುರು ನಿಂತ ಹಾಗೆ ಎಂದೆ. ಒಪ್ಪಿದರು, ಆದರೂ ಮೂಲೆಯಲ್ಲಿ ಕೆಂಪು ಪೆನ್ನಿನಿಂದ ‘ಬಲ’ ಎಂದು ಬರೆದೇ ಕೊಟ್ಟರು.