ಲೋಟದಲ್ಲಿ ಏನಿದೆ ಎಂಬುದನ್ನು ಹೇಳುವ ಅಂಗಡಿ

ಹನುಮಂತನಗರದಲ್ಲಿ ನಮ್ಮ ಕುಟುಂಬ ನಡೆಸಿಕೊಂಡು ಬಂದಿರುವ ಕಾಫಿ ಪುಡಿ ಅಂಗಡಿಯ ಹೊಣೆ ಮಾವನವರಿಂದ ನನಗೆ ಬಂದಾಗ ಅಂಗಡಿಗೆ ಹೆಸರಿತ್ತು, ಗಿರಾಕಿಗಳಿದ್ದರು, ಹುರಿಯುವ ಯಂತ್ರವೂ ಗಿರಣಿಯೂ ಸುಸ್ಥಿತಿಯಲ್ಲಿದ್ದವು. ಈ ಅಂಗಡಿ ಯಾತಕ್ಕಾಗಿ ಇದೆ ಎಂಬ ಪ್ರಶ್ನೆಗೆ ಬರೆದಿಟ್ಟ ಉತ್ತರ ಮಾತ್ರ ಇರಲಿಲ್ಲ. ಮಾವನವರ ಕಾಲದಲ್ಲಿ ಅದರ ಅಗತ್ಯವೂ ಬಿದ್ದಿರಲಿಲ್ಲ. ಬಂದವರಿಗೆಲ್ಲ ಅವರೇ ತೂಗಿ ಕೊಡುತ್ತಿದ್ದರು, ಅವರ ಮಾತೇ ಅಂಗಡಿಯ ಮಾತಾಗಿತ್ತು. ಈಗ ನಮ್ಮ ಪೊಟ್ಟಣದ ಗಣನೀಯ ಪಾಲು ನಮ್ಮ ಮುಖವನ್ನೇ ನೋಡದವರ ಮನೆಗೆ ಹೋಗುತ್ತದೆ. ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟಿನಲ್ಲಿ ಕುಳಿತು ಫೋನಿನಲ್ಲಿ ಅರ್ಧ ಕಿಲೋ ತರಿಸಿಕೊಳ್ಳುವವರಿಗೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರ ಭರವಸೆ ತಲುಪುವುದಿಲ್ಲ. ಆ ಭರವಸೆಯನ್ನು ಪೊಟ್ಟಣವೇ ಹೊತ್ತುಕೊಂಡು ಹೋಗಬೇಕು. ಬ್ರ್ಯಾಂಡ್‌ನ ಧ್ಯೇಯವನ್ನು ಬರೆದಿಡಬೇಕೆಂದು ನನಗೆ ಅನಿಸಿದ್ದು ಈ ಕಾರಣಕ್ಕೆ.

ಲೇಬಲ್ ವಿನ್ಯಾಸ ಮಾಡಿಕೊಡಲು ಬಂದ ಯುವಕರು ಮೊದಲಿಗೆ ಒಂದು ವಾಕ್ಯವನ್ನು ಸಿದ್ಧಪಡಿಸಿ ತಂದಿದ್ದರು: ದಕ್ಷಿಣ ಭಾರತದ ಕಾಫಿ ಪರಂಪರೆಯನ್ನು ಮುಂದಿನ ತಲೆಮಾರಿಗೆ ದಾಟಿಸುವುದೇ ನಮ್ಮ ಗುರಿ ಎಂಬ ಅರ್ಥದ್ದು. ವಾಕ್ಯ ಚೆನ್ನಾಗಿಯೇ ಇತ್ತು. ಅದನ್ನು ಕೆಲವು ದಿನ ಮೇಜಿನ ಮೇಲೆ ಇಟ್ಟುಕೊಂಡು, ಅಂಗಡಿಯಲ್ಲಿ ನಾನು ದಿನವೂ ತೆಗೆದುಕೊಳ್ಳುವ ತೀರ್ಮಾನಗಳನ್ನೆಲ್ಲ ಅದರ ಮುಂದೆ ಇಟ್ಟು ನೋಡಿದೆ. ಯಾವ ಬೀಜ ಕೊಳ್ಳಬೇಕು, ಯಾವ ಆರ್ಡರನ್ನು ಬಿಡಬೇಕು, ಬೆಲೆ ಏರಿದಾಗ ಏನು ಮಾಡಬೇಕು ಎಂಬ ಯಾವ ಪ್ರಶ್ನೆಗೂ ಅದರಲ್ಲಿ ಉತ್ತರ ಸಿಗಲಿಲ್ಲ. ಊರಿನ ಇನ್ನಾವುದೇ ಕಾಫಿ ಅಂಗಡಿಯ ಫಲಕದ ಮೇಲೆ ಅದನ್ನು ಅಂಟಿಸಿದರೂ ಅಷ್ಟೇ ಚೆನ್ನಾಗಿ ಹೊಂದುತ್ತಿತ್ತು. ಸಣ್ಣ ವ್ಯಾಪಾರಿಯ ಧ್ಯೇಯವಾಕ್ಯಕ್ಕೆ ಇರಬೇಕಾದ ಮೊದಲ ಗುಣ, ಅದು ನಮ್ಮ ಕೈಯನ್ನು ಎಲ್ಲಾದರೂ ಕಟ್ಟಿಹಾಕಬೇಕು ಎಂಬುದು. ನಾನು ಆಗ ಕಂಡುಕೊಂಡ ಈ ಅಳತೆಗೋಲನ್ನೇ ಇವತ್ತಿಗೂ ಬಳಸುತ್ತೇನೆ.

ಹಾಗಾಗಿ ಹೊರಗೆ ಹುಡುಕುವುದನ್ನು ಬಿಟ್ಟು ಅಂಗಡಿಯೊಳಗೇ ಹುಡುಕಿದೆ. ಮಾವನವರು ಇಟ್ಟಿದ್ದ ಉದ್ದನೆಯ ಲೆಕ್ಕದ ಪುಸ್ತಕವೊಂದಿದೆ. ಅದರಲ್ಲಿ ಸಾಲ, ಬಾಕಿಗಳ ಜೊತೆಗೆ ಒಂದೊಂದು ಮನೆಯ ಮಿಶ್ರಣವೂ ದಾಖಲಾಗಿದೆ. ಮೂರನೇ ಕ್ರಾಸಿನ ಮೇಷ್ಟರ ಮನೆಗೆ ಪ್ಲಾಂಟೇಶನ್ ಎ (ದೊಡ್ಡ ಗಾತ್ರದ ಬೀಜದ ದರ್ಜೆ) 50, ಪೀಬೆರಿ (ಒಂಟಿ ಗುಂಡು ಬೀಜ) 50, ಚಿಕೋರಿ ಬೇಡ, ಪುಡಿ ಸ್ವಲ್ಪ ದಪ್ಪ. ಮದುವೆ ಅಡುಗೆಯವರಿಗೆ ಕಾಫಿ 60, ಚಿಕೋರಿ 40. ಇನ್ನೊಂದು ಮನೆಯ ಸಾಲಿನಲ್ಲಿ ಹಳೆಯ ಅಂಕಿಗಳನ್ನು ಹೊಡೆದುಹಾಕಿ, ಡಾಕ್ಟರು ಕಾಫಿ ಕಡಿಮೆ ಮಾಡಲು ಹೇಳಿದ್ದಾರೆ, ಚಿಕೋರಿ 30 ಎಂದು ಬೇರೆ ಶಾಯಿಯಲ್ಲಿ ಬರೆದಿದ್ದಾರೆ. ಚಿಕೋರಿಯಲ್ಲಿ ಕೆಫೀನ್ ಇಲ್ಲದಿರುವುದರಿಂದ ಆ ಮನೆಯವರು ಲೋಟವನ್ನು ಬಿಡದೆಯೇ ಕೆಫೀನ್ ಇಳಿಸಿಕೊಳ್ಳಲು ಆರಿಸಿಕೊಂಡ ದಾರಿ ಅದು. ಪುಟಗಳನ್ನು ತಿರುವುತ್ತಾ ಹೋದಂತೆ ಮಾವನವರು ಮಾಡುತ್ತಿದ್ದ ಕೆಲಸ ಸ್ಪಷ್ಟವಾಯಿತು. ಅವರು ಯಾವ ಮಿಶ್ರಣವನ್ನೂ ಮೇಲು ಕೀಳು ಎಂದು ಎಣಿಸಿರಲಿಲ್ಲ. ಪ್ರತಿ ಮನೆಯವರಿಗೂ ತಾವು ಏನು ಕುಡಿಯುತ್ತಿದ್ದೇವೆ ಎಂಬುದು ಗೊತ್ತಿತ್ತು, ಏಕೆಂದರೆ ಅದನ್ನು ಅವರೇ ಹೇಳಿ ಬರೆಸಿದ್ದರು.

ನಮ್ಮ ಧ್ಯೇಯವಾಕ್ಯ ಅಲ್ಲಿಂದ ಬಂತು: ‘ನಿಮ್ಮ ಲೋಟದಲ್ಲಿ ಏನಿದೆ ಎಂಬುದು ನಿಮಗೆ ತಿಳಿದಿರಬೇಕು.’

ಬರೆದ ಮೇಲೆ ಗಲ್ಲಾದ ಬಳಿ ಒಂದು ನೋಟ್‌ಬುಕ್ ಇಟ್ಟು, ಗಿರಾಕಿಗಳು ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಲು ಹುಡುಗರಿಗೆ ಹೇಳಿದೆ. ಈ ವಾಕ್ಯ ನನ್ನೊಬ್ಬಳ ಇಷ್ಟವೋ, ಬಂದವರಿಗೂ ಬೇಕಾದದ್ದೋ ಎಂದು ತಿಳಿಯಬೇಕಿತ್ತು. ‘ಹೋದ ಸಲದ ಹಾಗೇ ಇದೆಯಾ?’, ‘ಪ್ಯೂರ್ ಅಂದರೆ ನಿಜವಾಗಲೂ ಪ್ಯೂರಾ?’, ‘ಡಿಕಾಕ್ಷನ್ ಇಷ್ಟು ಕಪ್ಪಗೆ ಬರೋದು ಕಾಫಿಯಿಂದಲೋ ಚಿಕೋರಿಯಿಂದಲೋ?’ ಎಂಬಂಥವೇ ಮತ್ತೆ ಮತ್ತೆ ಬಂದವು. ಪರಂಪರೆಯ ಬಗ್ಗೆ ಯಾರೂ ಕೇಳಲಿಲ್ಲ. ಪೊಟ್ಟಣದೊಳಗೆ ಇರುವುದೇನು ಎಂಬ ಸಂಶಯ ಬಹುತೇಕ ಪ್ರಶ್ನೆಗಳ ಹಿಂದಿತ್ತು, ಮತ್ತು ಆ ಸಂಶಯಕ್ಕೆ ಕಾರಣವೂ ಇದೆ. ಚಿಕೋರಿ ಒಂದು ಬೇರು. ಹುರಿದಾಗ ಅದರಲ್ಲಿರುವ ಸಕ್ಕರೆಯ ಅಂಶ ಕಂದಿ ಗಾಢ ಬಣ್ಣವನ್ನೂ ಕಹಿಮಿಶ್ರಿತ ಸಿಹಿಯನ್ನೂ ಕೊಡುತ್ತದೆ, ಡಿಕಾಕ್ಷನ್ನಿಗೆ ಗಟ್ಟಿತನ ತರುತ್ತದೆ. ಹಾಲು ಬೆರೆಸಿದ ಮೇಲೆ, ಅದರಲ್ಲೂ ಬೀಜವನ್ನು ಕಪ್ಪಗೆ ಹುರಿದಿದ್ದರೆ, 20 ಭಾಗ ಚಿಕೋರಿ 30 ಆಗಿರುವುದನ್ನು ನಾಲಿಗೆಯಿಂದ ಗುರುತಿಸುವುದು ಅಭ್ಯಾಸವಿದ್ದವರಿಗೂ ಸುಲಭವಲ್ಲ. ಕಾಫಿ ಬೀಜದ ಮುಂದೆ ಚಿಕೋರಿಯ ಬೆಲೆಯೂ ಬಹಳ ಕಡಿಮೆ. ಕಾನೂನು ಇಲ್ಲಿ ಒಂದು ಗೆರೆ ಎಳೆದಿದೆ: ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ತೂಕದಲ್ಲಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಮುದ್ರಿಸಬೇಕು. ಆದರೆ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿಸಿದ್ದನ್ನು ಓದುವವರು ವಿರಳ.

ಆದ್ದರಿಂದ ನಮ್ಮ ಲೇಬಲ್‌ನಲ್ಲಿ ಮಾಡಿದ ಮೊದಲ ಬದಲಾವಣೆ, ಆ ಪ್ರಮಾಣವನ್ನು ಮುಂಭಾಗಕ್ಕೆ ತಂದು ಅಂಗಡಿಯ ಹೆಸರಿನಷ್ಟೇ ದೊಡ್ಡದಾಗಿ ಹಾಕಿದ್ದು. ಕಾಫಿ 80, ಚಿಕೋರಿ 20. ಅದರ ಕೆಳಗೆ ಕಾಫಿಯ ಎರಡು ಬಗೆಗಳಾದ ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು, ಹುರಿದ ದಿನಾಂಕ ಯಾವುದು. ವಿನ್ಯಾಸಕಾರರಿಗೆ ಇದು ಅಂದಗೆಡಿಸಿದಂತೆ ಕಂಡಿತು. ಹೆಸರು ಮೇಲೆದ್ದು ಕಾಣಬೇಕು, ಅಂಕಿಗಳು ಹಿಂದೆ ಸರಿಯಬೇಕು ಎಂದು ಅವರು ವಾದಿಸಿದರು. ನಮ್ಮ ಹೆಸರಿಗೆ ಬೆಲೆ ಬಂದಿರುವುದೇ ಆ ಅಂಕಿಗಳಿಂದ ಎಂದು ನಾನು ಹೇಳಿದೆ. ಬೇಡವೆಂದು ಬಿಟ್ಟದ್ದೂ ಇದೆ. ಆಹಾರದ ಜಾಹೀರಾತು ಮತ್ತು ಹೇಳಿಕೆಗಳ ಕುರಿತ 2018ರ ನಿಯಮಾವಳಿಯಂತೆ ಶುದ್ಧ ಎಂಬ ಪದವನ್ನು ಬೇರೇನೂ ಸೇರದ ಒಂದೇ ಪದಾರ್ಥದ ಆಹಾರಕ್ಕೆ ಮಾತ್ರ ಬಳಸಬಹುದು. ಚಿಕೋರಿ ಸೇರಿದ ಯಾವ ಪೊಟ್ಟಣದ ಮೇಲೂ ಆ ಪದ ಬಾರದಂತೆ ನೋಡಿಕೊಂಡೆವು. ಕೂರ್ಗ್ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ, ಅಂದರೆ ಆ ಹೆಸರು ಆ ಪ್ರದೇಶದ ಬೆಳೆಗೆ ಮಾತ್ರ ಸಲ್ಲಬೇಕೆಂಬ ರಕ್ಷಣೆ, ದೊರೆತಿದೆ. ಆ ಹೆಸರುಗಳು ಮಾರಾಟಕ್ಕೆ ಬಹಳ ಅನುಕೂಲ, ನಿಜ. ಆದರೆ ನಾವು ಕೊಳ್ಳುವ ಬೀಜದಲ್ಲಿ ಹಲವು ಕಡೆಯ ಬೆಳೆ ಸೇರಿರುತ್ತದೆ. ಹಾಗಿರುವಾಗ ಬೆಟ್ಟದ ಚಿತ್ರವನ್ನೂ ಊರಿನ ಹೆಸರನ್ನೂ ಹಾಕಿದರೆ, ಮುಂಭಾಗದ ದೊಡ್ಡ ಅಂಕಿಗಳು ಹೇಳುವ ನಿಜವನ್ನು ಪಕ್ಕದಲ್ಲಿರುವ ಚಿತ್ರ ಅಲ್ಲಗಳೆಯುತ್ತದೆ.

ಗಲ್ಲಾದ ಮೇಲೆ ನಾವು ಇಟ್ಟಿರುವ ಗಾಜಿನ ಲೋಟದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಜಾಹೀರಾತಿಗೆ ಖರ್ಚು ಮಾಡಿದ ಹಣಕ್ಕಿಂತ ಹೆಚ್ಚಿನ ಕೆಲಸವನ್ನು ಅದು ಮಾಡಿದೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಮನೆಯಲ್ಲೇ ಮಾಡಬಹುದಾದ ಕಲಬೆರಕೆ ಪರೀಕ್ಷೆಗಳಲ್ಲಿ, ಪುಡಿಯಲ್ಲಿ ಚಿಕೋರಿ ಇದೆಯೇ ಎಂದು ಲೋಟದ ನೀರಿನಲ್ಲಿ ನೋಡುವ ಈ ಪರೀಕ್ಷೆಯನ್ನೂ ಸೇರಿಸಿದೆ. ಲೋಟದ ತುಂಬ ತಣ್ಣೀರು ಹಾಕಿ, ಕಲಕದೆ, ಒಂದು ಚಮಚ ಪುಡಿಯನ್ನು ಮೇಲಿನಿಂದ ಉದುರಿಸಬೇಕು. ಕಾಫಿ ಪುಡಿಯಲ್ಲಿ ಎಣ್ಣೆಯ ಅಂಶವಿರುವುದರಿಂದ, ಹುರಿದಾಗ ಹುಟ್ಟಿದ ಅನಿಲವೂ ಒಳಗೆ ಸಿಕ್ಕಿಕೊಂಡಿರುವುದರಿಂದ, ಅದು ನೀರಿನ ಮೇಲೆ ತೇಲುತ್ತದೆ. ಚಿಕೋರಿ ಬೇಗನೆ ನೀರು ಹೀರಿ ಮುಳುಗುತ್ತದೆ; ಮುಳುಗುತ್ತಾ ಹೋದಂತೆ ಕಂದುಬಣ್ಣದ ಎಳೆಗಳನ್ನು ಬಿಡುತ್ತದೆ. ಪ್ರಮಾಣ ಇಷ್ಟೇ ಎಂದು ಈ ಪರೀಕ್ಷೆ ಹೇಳಲಾರದು, ಇದೆಯೋ ಇಲ್ಲವೋ ಎಂಬುದನ್ನು ಕಣ್ಣಾರೆ ತೋರಿಸುತ್ತದೆ. ಚಿಕೋರಿಯಿಲ್ಲದ ಪುಡಿಯನ್ನು ಕೇಳಿದವರಿಗೆ, ಅವರು ಬಯಸಿದರೆ, ಅವರ ಪೊಟ್ಟಣದಿಂದಲೇ ಒಂದು ಚಮಚ ತೆಗೆದು ಹೀಗೆ ತೋರಿಸುತ್ತೇವೆ. ಕೆಲವರು ಮನೆಯಲ್ಲಿದ್ದ ಬೇರೆ ಅಂಗಡಿಯ ಪುಡಿಯನ್ನೂ ತಂದು ಉದುರಿಸಿ ನೋಡಿದ್ದಾರೆ. ಆಗ ಫಲಿತಾಂಶ ಏನೇ ಬಂದರೂ ಆ ಅಂಗಡಿಯ ಬಗ್ಗೆ ನಮ್ಮವರು ಒಂದು ಮಾತೂ ಆಡಬಾರದು ಎಂದು ಕಟ್ಟುನಿಟ್ಟಾಗಿ ಹೇಳಿದ್ದೇನೆ.

ಧ್ಯೇಯವನ್ನು ಗಿರಾಕಿಗಳಿಗೆ ತಿಳಿಸುವುದಕ್ಕಿಂತ ಮೊದಲು ಅಂಗಡಿಯಲ್ಲಿ ದುಡಿಯುವವರಿಗೆ ತಿಳಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಗಿರಣಿಯ ಮುಂದೆ ನಿಲ್ಲುವ ಹುಡುಗನಿಗೆ ವಾಕ್ಯವನ್ನು ಬಾಯಿಪಾಠ ಮಾಡಿಸಲಿಲ್ಲ. ಯಾವುದು ಚೆನ್ನಾಗಿದೆ ಎಂದು ಯಾರಾದರೂ ಕೇಳಿದರೆ ದುಬಾರಿ ಪುಡಿಯತ್ತ ಕೈ ತೋರಿಸದೆ, ‘ಮನೇಲಿ ಹಾಲು ಎಷ್ಟು ಹಾಕ್ತೀರಾ ಅಮ್ಮಾ? ಸ್ಟ್ರಾಂಗ್ ಬೇಕಾ?’ ಎಂದು ವಿಚಾರಿಸಿ, ಯಾವುದರಲ್ಲಿ ಏನಿದೆ ಎಂಬುದನ್ನು ಹೇಳಿ, ಆಯ್ಕೆಯನ್ನು ಅವರಿಗೇ ಬಿಡಲು ಕಲಿಸಿದೆ. ಪೀಬೆರಿ ಎಂದರೇನು ಎಂದು ಕೇಳಿದರೆ, ಸಾಮಾನ್ಯವಾಗಿ ಒಂದು ಹಣ್ಣಿನಲ್ಲಿ ಎರಡು ಚಪ್ಪಟೆ ಬೀಜಗಳಿರುತ್ತವೆ, ಒಂದೇ ಬೆಳೆದಾಗ ಅದು ಗುಂಡಾಗುತ್ತದೆ ಎಂದು ಡಬ್ಬಿಯಿಂದ ಎರಡೂ ಬಗೆಯ ಬೀಜವನ್ನು ಅಂಗೈಯಲ್ಲಿಟ್ಟು ತೋರಿಸುತ್ತಾನೆ. ಹಾಗೆ ತೋರಿಸಲು ಹಿಡಿಯುವ ಸಮಯ ವ್ಯರ್ಥ ಎಂದು ನಾನು ಎಂದೂ ಎಣಿಸಿಲ್ಲ.

ವಾಕ್ಯದ ನಿಜವಾದ ಪರೀಕ್ಷೆ ನಡೆದದ್ದು 2024ರಲ್ಲಿ. ವಿಯೆಟ್ನಾಂನಲ್ಲಿ ಮಳೆಯಿಲ್ಲದೆ ರೋಬಸ್ಟಾ ಬೆಲೆ ದಾಖಲೆ ಮಟ್ಟಕ್ಕೆ ಏರಿತು. ಬ್ರೆಜಿಲ್‌ನ ಬರದ ಬೆನ್ನಲ್ಲೇ ಡಿಸೆಂಬರ್‌ನಲ್ಲಿ ಅರೇಬಿಕಾ 1977ರ ದಾಖಲೆಯನ್ನೂ ಮೀರಿತು. ಇಲ್ಲಿನ ಬೆಳೆಗಾರರಿಗೆ ಬಹಳ ಕಾಲದ ನಂತರ ಒಳ್ಳೆಯ ಬೆಲೆ ಸಿಕ್ಕಿದ್ದು ಸಂತೋಷದ ಸಂಗತಿ, ಆದರೆ ನಮ್ಮಂಥ ಹುರಿಯುವ ಅಂಗಡಿಗಳಿಗೆ ಅದು ಉಸಿರು ಕಟ್ಟಿಸಿದ ಕಾಲ. ಹಸಿ ಬೀಜವನ್ನು ಹುರಿದಾಗ ತೇವಾಂಶ ಹೋಗಿ ತೂಕ ಶೇ 15ರಿಂದ 20ರಷ್ಟು ಇಳಿಯುತ್ತದೆ; ಹೀಗಾಗಿ ಹಸಿ ಬೀಜದ ಮೇಲೆ ಏರಿದ ಪ್ರತಿ ರೂಪಾಯಿಯೂ ಪುಡಿಯ ಮೇಲೆ ಇನ್ನಷ್ಟು ಹೆಚ್ಚಾಗಿಯೇ ಬೀಳುತ್ತದೆ. ಆಗ ವ್ಯಾಪಾರದಲ್ಲಿ ಎರಡು ದಾರಿಗಳಿರುತ್ತವೆ: ಬೆಲೆ ಏರಿಸುವುದು, ಇಲ್ಲವೇ ಬೆಲೆಯನ್ನು ಹಾಗೆಯೇ ಇಟ್ಟು ಮಿಶ್ರಣವನ್ನು ಬದಲಿಸುವುದು. ಎರಡನೆಯದನ್ನು ಪೊಟ್ಟಣದ ಮೇಲೆ ಬರೆದು ಮಾಡಿದರೆ ಕಾನೂನಿನ ತಕರಾರು ಇರಲಿಲ್ಲ, ಅಭ್ಯಾಸದಿಂದ ಕೊಳ್ಳುವ ಗಿರಾಕಿಗಳು ಅಂಕಿ ಬದಲಾದದ್ದನ್ನು ಗಮನಿಸುವ ಸಾಧ್ಯತೆಯೂ ಕಡಿಮೆಯಿತ್ತು. ನಮ್ಮ ವಾಕ್ಯ ಅದಕ್ಕೆ ಅಡ್ಡ ನಿಂತಿತು. ಗಿರಾಕಿ ಗಮನಿಸಲಾರರು ಎಂಬ ನಂಬಿಕೆಯ ಮೇಲೆ ಮಾಡುವ ಬದಲಾವಣೆಯನ್ನು ಅವರಿಗೆ ತಿಳಿಸಿದಂತೆ ಎಂದು ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ನಾವು ಬೆಲೆ ಏರಿಸಿದೆವು, ಏಕೆ ಏರಿಸಿದೆವು ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದು ಗಲ್ಲಾದ ಪಕ್ಕದಲ್ಲಿ ಅಂಟಿಸಿದೆವು. ಹಸಿ ಬೀಜಕ್ಕೆ ಕೊಟ್ಟದ್ದೆಷ್ಟು, ಹುರಿದಾಗ ಕಳೆದದ್ದೆಷ್ಟು, ವಿದ್ಯುತ್ತು, ಕೂಲಿ, ಬಾಡಿಗೆ ಎಷ್ಟು, ನಮಗೆ ಉಳಿಯುವುದೆಷ್ಟು ಎಂಬ ಲೆಕ್ಕ. ಕೊನೆಯ ಸಾಲು ಹೀಗಿತ್ತು: ‘ಮಿಶ್ರಣ ಬದಲಾಗಿಲ್ಲ. ಕಡಿಮೆ ಬೆಲೆಯ ಮಿಶ್ರಣ ಬೇಕಿದ್ದರೆ ದಯವಿಟ್ಟು ಕೇಳಿ, ಬದಲಿಸಿ ಕೊಡುತ್ತೇವೆ.’ ಲಾಭವನ್ನು ಬರೆಯುವುದು ಬೇಡವೆಂದು ಮನೆಯಲ್ಲಿ ಹೇಳಿದ್ದರು. ಅದನ್ನು ಬಿಟ್ಟರೆ ಉಳಿದ ಲೆಕ್ಕವನ್ನು ಯಾರೂ ನಂಬುವುದಿಲ್ಲ ಎಂದು ಮಾವನವರೇ ನನ್ನ ಪರ ನಿಂತರು. ಹಲವು ವರ್ಷಗಳಿಂದ ಬರುತ್ತಿರುವ ಹಿರಿಯರೊಬ್ಬರು ಕನ್ನಡಕ ಹಾಕಿಕೊಂಡು ಹಾಳೆಯನ್ನು ಪೂರ್ತಿ ಓದಿ, ‘ನನಗೆ ಇಪ್ಪತ್ತು ಪರ್ಸೆಂಟ್ ಚಿಕೋರಿ ಹಾಕಿ ಕೊಡಮ್ಮಾ, ಪೆನ್ಷನ್‌ನಲ್ಲಿ ಅಷ್ಟೇ ಆಗೋದು. ಆದರೆ ಹಾಕಿದ್ದೀನಿ ಅಂತ ಪೊಟ್ಟಣದ ಮೇಲೆ ಬರಿ’ ಎಂದರು. ಕೆಲವರು ಅಂಗಡಿ ಬಿಟ್ಟು ಹೋದರು. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಉಳಿದವರಲ್ಲಿ ಹಲವರು ತಮ್ಮ ಮಿಶ್ರಣವನ್ನು ತಾವೇ ಬದಲಿಸಿಕೊಂಡರು, ಪುಸ್ತಕದಲ್ಲಿ ಅವರ ಸಾಲುಗಳಲ್ಲಿ ಹೊಸ ಅಂಕಿಗಳು ಬಂದವು. ಅದೇ ದಿನಗಳಲ್ಲಿ ಊಟದ ಗುತ್ತಿಗೆಯವರೊಬ್ಬರು ದೊಡ್ಡ ಆರ್ಡರ್ ತಂದು, ಪೊಟ್ಟಣದ ಮೇಲೆ ಪ್ರಮಾಣ ಹಾಕದೆ ಕೊಡಿ ಎಂದು ಕೇಳಿದರು. ಅದು ಕಾನೂನಿಗೂ ವಿರುದ್ಧ, ನಮ್ಮ ವಾಕ್ಯಕ್ಕೂ ವಿರುದ್ಧ, ಒಪ್ಪಲಿಲ್ಲ.

ಅದೇ ವರ್ಷದ ಆರಂಭದಲ್ಲಿ, ಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ನಿಯಮ ಜಾರಿಗೆ ಬಂದಾಗ ನಮ್ಮ ಫಲಕವನ್ನೂ ಹೊಸದಾಗಿ ಬರೆಸಿದ್ದೆವು. ಹೆಸರಿನ ಕೆಳಗೆ ಆ ವಾಕ್ಯವನ್ನು ಕನ್ನಡದಲ್ಲೇ ಬರೆಸಿದ್ದರಿಂದ, ಬಸ್ಸಿಗೆ ಕಾಯುವವರೂ ಓದುವಂತಾಯಿತು. ವಾಟ್ಸ್ಯಾಪ್‌ನಲ್ಲಿ ನಾವು ಕಳಿಸುವ ಸಂದೇಶಗಳಲ್ಲಿ ಹಬ್ಬದ ಶುಭಾಶಯಗಳಿರುವುದಿಲ್ಲ. ಹೊಸ ಲಾಟ್ ಬಂದಾಗ, ಹುರಿಯುವ ಹದ ಬದಲಾದಾಗ, ಬೆಲೆ ಏರಿದಾಗ ಅಥವಾ ಇಳಿದಾಗ ಮಾತ್ರ ಎರಡು ಸಾಲು ಹೋಗುತ್ತದೆ. ಇಳಿದಾಗಲೂ ತಿಳಿಸಬೇಕು ಎಂಬುದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಏರಿದ್ದನ್ನು ಮಾತ್ರ ವಿವರಿಸುವ ಅಂಗಡಿಯ ವಿವರಣೆಗೆ ಬೆಲೆಯಿಲ್ಲ.

ಹೆಸರನ್ನು ಟ್ರೇಡ್‌ಮಾರ್ಕ್‌ಗಾಗಿ, ಕಾಫಿ ಸೇರುವ 30ನೇ ವರ್ಗದಲ್ಲಿ ಅರ್ಜಿ ಹಾಕಿ ನೋಂದಾಯಿಸಿದ್ದೇವೆ. ಕೇಂದ್ರ ಸರ್ಕಾರದ ಉದ್ಯಮ್ ಪಟ್ಟಿಯಲ್ಲಿ ನೋಂದಣಿ ಇರುವ ಸಣ್ಣ ಉದ್ಯಮಕ್ಕೆ ಆನ್‌ಲೈನ್ ಅರ್ಜಿಯ ಶುಲ್ಕ 9,000 ರೂಪಾಯಿಯ ಬದಲು 4,500 ರೂಪಾಯಿ, ನೋಂದಣಿ 10 ವರ್ಷ ನಡೆಯುತ್ತದೆ. ಇನ್ನೂ ಉಳಿದಿರುವುದು ಹೋಟೆಲುಗಳ ಕೆಲಸ. ನಮ್ಮ ಪುಡಿಯನ್ನು ಕೊಳ್ಳುವ ದರ್ಶಿನಿಗಳಲ್ಲಿ ನಿಂತು ಕುಡಿಯುವವರಿಗೆ ನಮ್ಮ ಪೊಟ್ಟಣ ಕಾಣುವುದೇ ಇಲ್ಲ, ಹಾಗಾಗಿ ಅವರ ಲೋಟದಲ್ಲಿ ಏನಿದೆ ಎಂಬುದು ಅವರಿಗೆ ತಿಳಿಯುವ ದಾರಿಯಿಲ್ಲ. ಬೆಲೆಪಟ್ಟಿಯಲ್ಲಿ ಕಾಫಿಯ ಮುಂದೆ ಮಿಶ್ರಣದ ಪ್ರಮಾಣವನ್ನೂ ಬರೆಯುವಂತೆ ಒಬ್ಬೊಬ್ಬ ಮಾಲೀಕರನ್ನೂ ಕೇಳುತ್ತಿದ್ದೇನೆ, ಹೊಸ ಅಕ್ಷರಗಳನ್ನು ಬರೆಸುವ ಖರ್ಚನ್ನು ನಾವೇ ಕೊಡುತ್ತೇವೆ ಎಂದೂ ಹೇಳಿದ್ದೇನೆ. ಒಬ್ಬರು ಒಪ್ಪಿದ್ದಾರೆ, ಇನ್ನೊಬ್ಬರು, ಚಿಕೋರಿ ಎಂಬ ಪದ ನೋಡಿದರೆ ಜನ ಟೀ ಕೇಳುತ್ತಾರೆ ಎಂದು ಹಿಂಜರಿಯುತ್ತಿದ್ದಾರೆ, ಅವರೊಂದಿಗೆ ಮಾತು ನಡೆಯುತ್ತಿದೆ.