ಎಎಸ್‌ಟಿ-ಗ್ರೆಪ್ ಬಳಸಿ ಕೋಡಿನ ರಚನೆ ಹಿಡಿದು ಹುಡುಕುವುದು

ಪೈಥಾನ್ 3.12ರಲ್ಲಿ, ಟೆಸ್ಟ್ ಬರೆಯುವ ಲೈಬ್ರರಿಯಾದ ಯೂನಿಟ್‌ಟೆಸ್ಟ್‌ನ ಅಸರ್ಟ್‌ಈಕ್ವಲ್ಸ್ ಎಂಬ ಹಳೆಯ ಹೆಸರನ್ನು ತೆಗೆದುಹಾಕಲಾಗಿದೆ. ಕೊನೆಯ ಎಸ್ ಇಲ್ಲದ ಅಸರ್ಟ್‌ಈಕ್ವಲ್ ಮಾತ್ರ ಉಳಿದಿದೆ. ಹಳೆಯ ಹೆಸರನ್ನು ಪಠ್ಯ ಹುಡುಕುವ ಗ್ರೆಪ್ ಕಮಾಂಡ್ ಕೂಡ ಹುಡುಕಿಕೊಡುತ್ತದೆ, ಆದರೆ ಕಾಮೆಂಟಿನಲ್ಲಿ, ಸ್ಟ್ರಿಂಗಿನಲ್ಲಿ ಇರುವುದನ್ನೂ ಎಳೆದು ತರುತ್ತದೆ. ಆರ್ಗ್ಯುಮೆಂಟ್‌ಗಳು ನಾಲ್ಕು ಸಾಲಿಗೆ ಹರಡಿದ್ದರೆ ರೆಜೆಕ್ಸ್ (ಅಕ್ಷರಗಳ ಮಾದರಿ ಹೇಳುವ ಸೂತ್ರ) ಬರೆಯುವುದೇ ಕಷ್ಟ. ಇಂಥ ಕೆಲಸಕ್ಕೆ ಎಎಸ್‌ಟಿ-ಗ್ರೆಪ್ ಹೇಳಿಮಾಡಿಸಿದ ಟೂಲ್. ರಸ್ಟ್‌ನಲ್ಲಿ ಬರೆದಿರುವ ಇದು ಟ್ರೀ-ಸಿಟ್ಟರ್ ಪಾರ್ಸರ್ ಬಳಸಿ ನಿಮ್ಮ ಫೈಲನ್ನೂ ನೀವು ಕೊಟ್ಟ ಪ್ಯಾಟರ್ನನ್ನೂ ಸಿಂಟ್ಯಾಕ್ಸ್ ಟ್ರೀ (ಕೋಡಿನ ರಚನೆ ತೋರಿಸುವ ಮರ, ಅಂದರೆ ಎಎಸ್‌ಟಿ) ಆಗಿ ಮಾಡಿಕೊಂಡು, ಎರಡನ್ನೂ ಹೋಲಿಸುತ್ತದೆ.

ಇನ್‌ಸ್ಟಾಲ್ ಮಾಡಲು ಪಿಪ್‌ನಲ್ಲಿ ಎಎಸ್‌ಟಿ-ಗ್ರೆಪ್-ಸಿಎಲ್ಐ, ಹೋಮ್‌ಬ್ರೂನಲ್ಲಿ ಎಎಸ್‌ಟಿ-ಗ್ರೆಪ್ ಎಂಬ ಪ್ಯಾಕೇಜ್ ಇದೆ. ಎನ್‌ಪಿಎಂ ಮತ್ತು ಕಾರ್ಗೋದಲ್ಲೂ ಸಿಗುತ್ತದೆ. ಎಸ್‌ಜಿ ಎಂಬ ಗಿಡ್ಡ ಹೆಸರೂ ಇದೆ, ಆದರೆ ಲಿನಕ್ಸ್‌ನಲ್ಲಿ ಗ್ರೂಪ್ ಬದಲಿಸುವ ಬೇರೊಂದು ಕಮಾಂಡಿಗೆ ಮೊದಲಿನಿಂದಲೂ ಅದೇ ಹೆಸರು. ಪೂರ್ತಿ ಹೆಸರನ್ನೇ ಬಳಸಿ.

ಕೆಳಗಿನ ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಎಎಸ್‌ಟಿ-ಗ್ರೆಪ್ ರನ್ --ಪ್ಯಾಟರ್ನ್ 'ಸೆಲ್ಫ್.ಅಸರ್ಟ್‌ಈಕ್ವಲ್ಸ್($$$ಆರ್ಗ್ಸ್)' --ಲ್ಯಾಂಗ್ ಪೈಥಾನ್

ಡಾಲರ್ ಚಿಹ್ನೆಯ ಹೆಸರುಗಳು ಖಾಲಿ ಜಾಗ ಇದ್ದಂತೆ. ಒಂದು ಡಾಲರ್ ಇದ್ದರೆ ಒಂದೇ ಒಂದು ನೋಡ್ (ಟ್ರೀಯ ಒಂದು ತುಣುಕು), ಮೂರಿದ್ದರೆ ಸೊನ್ನೆಯಿಂದ ಎಷ್ಟು ಬೇಕಾದರೂ. ಇಲ್ಲಿ ಒಂದೇ ಡಾಲರ್ ಹಾಕಿದರೆ ಎರಡು ಆರ್ಗ್ಯುಮೆಂಟ್ ಇರುವ ಒಂದು ಕರೆಯೂ ಸಿಗುವುದಿಲ್ಲ. ಹೆಸರು ದೊಡ್ಡ ಅಕ್ಷರಗಳಲ್ಲೇ ಇರಬೇಕು. ಅದೇ ಹೆಸರು ಎರಡು ಕಡೆ ಬಂದರೆ ಎರಡೂ ಕಡೆ ಅದೇ ಕೋಡ್ ಇರಬೇಕು: '$ಎ == $ಎ' ಎಂದು ಕೊಟ್ಟರೆ ತನ್ನನ್ನು ತನ್ನೊಂದಿಗೇ ಹೋಲಿಸುವ ಸಾಲುಗಳು ಮಾತ್ರ ಬರುತ್ತವೆ. '$_ == $_' ಎಂದರೆ ಆ ನಿರ್ಬಂಧವಿಲ್ಲ.

ಪ್ಯಾಟರ್ನಿಗೆ ಸಿಂಗಲ್ ಕೋಟ್ಸ್ ಕಡ್ಡಾಯ. ಡಬಲ್ ಕೋಟ್ಸ್ ಒಳಗೆ ಎರಡು ಡಾಲರ್ ಸೇರಿದರೆ ಬ್ಯಾಶ್‌ಗೆ ಅದು ತನ್ನದೇ ಪ್ರೋಸೆಸ್ ಸಂಖ್ಯೆ. ಹಾಗಾಗಿ ನಿಮ್ಮ ಪ್ಯಾಟರ್ನ್ ಟೂಲ್ ತಲುಪುವ ಹೊತ್ತಿಗೆ ಬ್ರಾಕೆಟ್ಟಿನಲ್ಲಿ ಯಾವುದೋ ಅಂಕಿ ಕೂತಿರುತ್ತದೆ. ಎರರ್ ಏನೂ ಬರುವುದಿಲ್ಲ, ಫಲಿತಾಂಶ ಮಾತ್ರ ಖಾಲಿ.

ಬದಲಿಸಲು ಅದೇ ಕಮಾಂಡಿಗೆ --ರೀರೈಟ್ 'ಸೆಲ್ಫ್.ಅಸರ್ಟ್‌ಈಕ್ವಲ್($$$ಆರ್ಗ್ಸ್)' ಸೇರಿಸಿ. ಇಷ್ಟಕ್ಕೆ ಫೈಲ್ ಬದಲಾಗದು, ಏನು ಬದಲಾಗುತ್ತದೆ ಎಂದು ತೋರಿಸುವ ಡಿಫ್ ಮಾತ್ರ ಕಾಣುತ್ತದೆ. --ಇಂಟರ್‌ಆಕ್ಟಿವ್ ಕೊಟ್ಟರೆ ಒಂದೊಂದಕ್ಕೂ ನಿಮ್ಮನ್ನು ಕೇಳುತ್ತದೆ, --ಅಪ್‌ಡೇಟ್-ಆಲ್ ಕೊಟ್ಟರೆ ಕೇಳದೆ ಎಲ್ಲವನ್ನೂ ಬದಲಿಸುತ್ತದೆ. ಗಿಟ್‌ನಲ್ಲಿ ಕಮಿಟ್ ಆಗದ ಬದಲಾವಣೆ ಇರುವಾಗ ಎರಡನೆಯದನ್ನು ಮುಟ್ಟಬೇಡಿ.

ಇರಬೇಕಾದದ್ದು ಸಿಗದಿದ್ದರೆ ಮೊದಲು ಪ್ಯಾಟರ್ನನ್ನೇ ಅನುಮಾನಿಸಿ. ಅದು ಆ ಭಾಷೆಯಲ್ಲಿ ಸ್ವತಂತ್ರವಾಗಿ ಪಾರ್ಸ್ ಆಗುವ ಕೋಡ್ ಆಗಿರಬೇಕು. ಜಾವಾಸ್ಕ್ರಿಪ್ಟ್ ಆಬ್ಜೆಕ್ಟಿನ ಒಳಗಿನ 'ಕೀ: ವ್ಯಾಲ್ಯೂ' ಜೋಡಿಯನ್ನು ಒಂಟಿಯಾಗಿ ಕೊಟ್ಟರೆ ಪಾರ್ಸರ್ ಅದನ್ನು ಲೇಬಲ್ ಹಚ್ಚಿದ ಸ್ಟೇಟ್‌ಮೆಂಟ್ ಎಂದು ಓದುತ್ತದೆ. --ಡಿಬಗ್-ಕ್ವೆರಿ=ಎಎಸ್‌ಟಿ ಕೊಟ್ಟರೆ ಪ್ಯಾಟರ್ನ್ ಯಾವ ಟ್ರೀ ಆಯಿತು ಎಂಬುದು ಕಣ್ಣಿಗೇ ಕಾಣುತ್ತದೆ. ಇದಕ್ಕೆ --ಲ್ಯಾಂಗ್ ಕೂಡ ಕೊಟ್ಟಿರಬೇಕು. ಗಿಟ್‌ಇಗ್ನೋರ್‌ನಲ್ಲಿರುವ ಫೈಲ್‌ಗಳನ್ನು ಟೂಲ್ ತಾನಾಗಿ ನೋಡುವುದಿಲ್ಲ ಎಂಬುದೂ ನೆನಪಿರಲಿ.

ಈ ಟೂಲಿನ ನಿಜವಾದ ಶಕ್ತಿ ಇರುವುದು ಯಾಮಲ್ ಎಂಬ ಸರಳ ಪಠ್ಯ ರೂಪದಲ್ಲಿ ಬರೆಯುವ ರೂಲ್‌ಗಳಲ್ಲಿ. ಪೈಥಾನಿನ ರಿಕ್ವೆಸ್ಟ್ಸ್ ಲೈಬ್ರರಿಗೆ ಡೀಫಾಲ್ಟ್ ಟೈಮ್‌ಔಟ್ ಇಲ್ಲ. ಆಚೆಯ ಸರ್ವರ್ ಉತ್ತರ ಕೊಡದಿದ್ದರೆ ನಿಮ್ಮ ಪ್ರೋಗ್ರಾಂ ಕಾಯುತ್ತಲೇ ಇರುತ್ತದೆ. ಟೈಮ್‌ಔಟ್ ಕೊಡದ ಕರೆಗಳನ್ನು ಹಿಡಿಯುವ ರೂಲ್ ಹೀಗಿರುತ್ತದೆ:

ಐಡಿ: ನೋ-ಟೈಮ್‌ಔಟ್
ಲ್ಯಾಂಗ್ವೇಜ್: ಪೈಥಾನ್
ಸಿವಿಯಾರಿಟಿ: ಎರರ್
ರೂಲ್:
  ಪ್ಯಾಟರ್ನ್: ರಿಕ್ವೆಸ್ಟ್ಸ್.ಗೆಟ್($$$)
  ನಾಟ್:
    ಹ್ಯಾಸ್:
      ಕೈಂಡ್: ಆರ್ಗ್ಯುಮೆಂಟ್_ಲಿಸ್ಟ್
      ಹ್ಯಾಸ್:
        ಕೈಂಡ್: ಕೀವರ್ಡ್_ಆರ್ಗ್ಯುಮೆಂಟ್
        ರೆಜೆಕ್ಸ್: ^ಟೈಮ್‌ಔಟ್

ಎಎಸ್‌ಟಿ-ಗ್ರೆಪ್ ಸ್ಕ್ಯಾನ್ --ರೂಲ್ ಎಂದು ಬರೆದು ಫೈಲಿನ ಹೆಸರು ಕೊಟ್ಟರೆ ಓಡುತ್ತದೆ. ಹ್ಯಾಸ್ ಎರಡು ಸಲ ಏಕೆ ಬಂತು ಎಂಬುದನ್ನು ಗಮನಿಸಿ. ಹ್ಯಾಸ್ ಎಂಬುದು ನೇರ ಮಕ್ಕಳನ್ನಷ್ಟೇ ನೋಡುತ್ತದೆ, ಆದರೆ ಟೈಮ್‌ಔಟ್ ಆ ಕರೆಗೆ ಮೊಮ್ಮಗು. ನಡುವೆ ಆರ್ಗ್ಯುಮೆಂಟ್_ಲಿಸ್ಟ್ ಎಂಬ ನೋಡ್ ಇದೆ. ಒಳಗಿನ ಹ್ಯಾಸ್ ಒಂದನ್ನೇ ಬರೆದಿದ್ದರೆ ಟೈಮ್‌ಔಟ್ ಇರುವ ಕರೆಗಳೂ ತಪ್ಪಿತಸ್ಥರ ಪಟ್ಟಿಗೆ ಸೇರುತ್ತಿದ್ದವು. ಹಲವರು ಇದಕ್ಕೆ ಸ್ಟಾಪ್‌ಬೈ: ಎಂಡ್ ಸೇರಿಸಿ ಟ್ರೀಯ ತಳದವರೆಗೂ ಹುಡುಕಿಸುತ್ತಾರೆ. ಆಗ ಆರ್ಗ್ಯುಮೆಂಟಿನ ಒಳಗೆ ಇನ್ನಾವುದೋ ಫಂಕ್ಷನ್‌ಗೆ ಕೊಟ್ಟ ಟೈಮ್‌ಔಟ್ ಕೂಡ ಲೆಕ್ಕಕ್ಕೆ ಬಂದು, ನಿಜವಾದ ದೋಷ ಕೈತಪ್ಪುತ್ತದೆ. ಎರಡು ಮೆಟ್ಟಿಲು ಬರೆಯುವ ಶ್ರಮ ಇಲ್ಲಿ ಸಾರ್ಥಕ.

ಇಷ್ಟಾದರೂ ಇದು ಬರಿಯ ಸಿಂಟ್ಯಾಕ್ಸ್ ನೋಡುವ ಟೂಲ್, ಟೈಪ್ ಗೊತ್ತಿಲ್ಲ. ರಿಕ್ವೆಸ್ಟ್ಸ್‌ನಿಂದ ಗೆಟ್ ಒಂದನ್ನೇ ಇಂಪೋರ್ಟ್ ಮಾಡಿ ಬರಿಯ ಗೆಟ್ ಎಂದು ಕರೆದಿದ್ದರೆ ಮೇಲಿನ ರೂಲಿಗೆ ಸಿಗುವುದಿಲ್ಲ. ಸೆಷನ್ ಆಬ್ಜೆಕ್ಟಿನ ಗೆಟ್ ಕೂಡ ಅಷ್ಟೇ. ಎರಡು ನಕ್ಷತ್ರ ಹಾಕಿ ಡಿಕ್ಷನರಿಯೊಳಗೆ ಟೈಮ್‌ಔಟ್ ಕಳಿಸಿದ್ದರೆ ಸರಿಯಾದ ಕೋಡಿನ ಮೇಲೂ ದೂರು ಬರುತ್ತದೆ. ಅಂಥ ಕಡೆ ಮೇಲಿನ ಸಾಲಿನಲ್ಲಿ ಎಎಸ್‌ಟಿ-ಗ್ರೆಪ್-ಇಗ್ನೋರ್: ನೋ-ಟೈಮ್‌ಔಟ್ ಎಂದು ಕಾಮೆಂಟ್ ಹಾಕಿ. ಐಡಿ ಬಿಟ್ಟರೆ ಆ ಸಾಲಿನ ಮೇಲೆ ಎಲ್ಲ ರೂಲ್‌ಗಳೂ ಸುಮ್ಮನಾಗುತ್ತವೆ, ಆದ್ದರಿಂದ ಬಿಡಬೇಡಿ.

ಸಿವಿಯಾರಿಟಿಯನ್ನು ಎರರ್ ಎಂದು ಇಟ್ಟದ್ದಕ್ಕೂ ಕಾರಣವಿದೆ: ಆ ಮಟ್ಟದ ದೋಷ ಸಿಕ್ಕರೆ ಮಾತ್ರ ಸ್ಕ್ಯಾನ್ ಸೊನ್ನೆಯಲ್ಲದ ಎಕ್ಸಿಟ್ ಕೋಡ್ ಕೊಟ್ಟು ಸಿಐ (ಕೋಡನ್ನು ತಾನಾಗಿ ಪರೀಕ್ಷಿಸುವ ವ್ಯವಸ್ಥೆ) ಬಿಲ್ಡನ್ನು ನಿಲ್ಲಿಸುತ್ತದೆ. ಏನೂ ಬರೆಯದಿದ್ದರೆ ಅದು ಹಿಂಟ್ ಮಟ್ಟದಲ್ಲೇ ಉಳಿದು, ದೋಷ ತೋರಿಸಿದರೂ ಬಿಲ್ಡ್ ಪಾಸ್ ಆಗುತ್ತದೆ.